ಒಂದನೆಯ ತರಗತಿಯ ಮೊಣಕಾಲು

ಉಪ್ಪರಿಗೆಯ ಅಕ್ಕನ ಬಲಗೈಯ ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳುಗಳ ತುದಿ ವರ್ಷದ ಎಲ್ಲ ಕಾಲದಲ್ಲಿಯೂ ನೀಲಿಯಾಗಿರುತ್ತಿತ್ತು. ಸಾಬೂನಿನಿಂದ ತಿಕ್ಕಿದರೂ, ಹುಣಸೆಹುಳಿ ಉಜ್ಜಿದರೂ ಹೋಗದ ನೀಲಿ. ನಕ್ಷೆ ಮುದ್ರಿಸುವ ಯಂತ್ರದ ಶಾಯಿಡಬ್ಬಿ ಬರಿದಾದಾಗ ಹೊಸದು ಬರುವವರೆಗೆ ಕಾಯುವ ತಾಳ್ಮೆ ಅವರಿಗಿರಲಿಲ್ಲ. ಔಷಧದ ಅಂಗಡಿಯ ಸಿರಿಂಜಿನಲ್ಲಿ ಶಾಯಿ ಎಳೆದು ತಾವೇ ತುಂಬಿಸುತ್ತಿದ್ದರು. ಹಳದಿಯೂ ಕೆಂಪೂ ವರ್ಷವಿಡೀ ಉಳಿಯುತ್ತಿದ್ದವು, ನೀಲಿ ಮಾತ್ರ ನೋಡನೋಡುತ್ತಿದ್ದಂತೆ ಮುಗಿಯುತ್ತಿತ್ತು. ಅವರು ಮಾಡುತ್ತಿದ್ದುದು ನೆರೆಯ ನಕ್ಷೆ. ನೆರೆಯ ನಕ್ಷೆಗೆ ನೀಲಿಯಲ್ಲದೆ ಬೇರೆ ಯಾವ ಬಣ್ಣ ಬೇಕು?

ನಮ್ಮ ಓಣಿಗೆ ಮೀನು ತರುತ್ತಿದ್ದ ಗಿರಿಜಕ್ಕ ಬುಟ್ಟಿ ಇಳಿಸುತ್ತಲೇ ಆ ಬೆರಳುಗಳನ್ನು ನೋಡಿ ತುಳುವಿನಲ್ಲಿ ಕೇಳುತ್ತಿದ್ದಳು: "ದಾನೆ ಅಕ್ಕಾ, ಇನಿಲಾ ಓಟು ಪಾಡ್‌ದ್ ಬತ್ತರಾ?" ಇವತ್ತೂ ಓಟು ಹಾಕಿ ಬಂದಿರಾ ಎಂದು. ಅಕ್ಕ ಬಂಗುಡೆಯ ಕಿವಿರು ಎತ್ತಿ ನೋಡುತ್ತಾ, "ಹೌದು, ನೀರಿಗೆ ಹಾಕಿ ಬಂದೆ. ಗೆಲ್ಲುವುದು ಅದೇ ಅಲ್ವಾ?" ಎನ್ನುತ್ತಿದ್ದರು. ಆಗ ಅದು ತಮಾಷೆಯಾಗಿತ್ತು.

ಅವರು ಕಾರ್ಕಳದವರು. ಮಣಿಪಾಲದ ಕಾಲೇಜೊಂದರಲ್ಲಿ ಭಾವೀ ಎಂಜಿನಿಯರುಗಳಿಗೆ ನೀರಿನ ಹರಿವಿನ ಪಾಠ ಹೇಳುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ, ಕಾಪುವಿನಿಂದ ಸ್ವಲ್ಪ ಒಳಗೆ ಹೊಳೆಯ ಸಮೀಪದಲ್ಲಿರುವ ನಮ್ಮ ಮನೆಯ ಉಪ್ಪರಿಗೆಗೆ ಬಾಡಿಗೆಗೆ ಬಂದರು. ದಿನವೂ ಎರಡೆರಡು ಬಸ್ಸು ಹಿಡಿದು ಮಣಿಪಾಲಕ್ಕೆ ಹೋಗುವವರು ಇಲ್ಲಿಯೇ ಏಕೆ ಮನೆ ಹುಡುಕಿದರೆಂದು ನನ್ನ ಹೆಂಡತಿಗೆ ಆಶ್ಚರ್ಯ. ಕೇಳಿಯೂ ಕೇಳಿದಳು. "ಹೊಳೆಯ ನಕ್ಷೆ ಮಾಡುವವಳು ಹೊಳೆಯ ನೆರೆಮನೆಯವಳಾಗಿರಬೇಕಲ್ಲ" ಎಂದು ಉತ್ತರ ಬಂತು. ನನಗಿಂತ ಏಳೆಂಟು ವರ್ಷ ಹಿರಿಯರು; ಮದುವೆಯಾಗಿರಲಿಲ್ಲ. ಮೊದಲ ವಾರದಲ್ಲಿಯೇ ನಾವಿಬ್ಬರೂ ಅವರನ್ನು ಅಕ್ಕ ಎಂದು ಕರೆಯತೊಡಗಿದೆವು. ನನ್ನನ್ನು ಅವರು ಕೊನೆಯವರೆಗೂ ಮಾಷ್ಟ್ರೇ ಎಂದೇ ಕರೆದರು. ನಾನು ಆಗ ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಮಕ್ಕಳ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದುವುದರಲ್ಲಿ ನನ್ನ ಪ್ರಾಣದ ಬಹುಪಾಲು ವ್ಯಯವಾಗುತ್ತಿತ್ತು.

ಅವರ ಕೆಲಸವನ್ನು ನಾನು ಅರ್ಥಮಾಡಿಕೊಂಡದ್ದು ದೇವಸ್ಥಾನದ ಕೆರೆಯ ಮೆಟ್ಟಿಲಿನ ಮೇಲೆ. ಎಷ್ಟು ಮಳೆ ಬಿದ್ದರೆ ಹೊಳೆ ಎಷ್ಟು ಏರುತ್ತದೆಂದು ಕಂಪ್ಯೂಟರಿನಲ್ಲಿ ಒಂದು ಕೃತಕ ನೆರೆಯನ್ನು ಹರಿಸಿ ನೋಡುವುದು ಮೊದಲ ಹಂತ. ಅದರಿಂದ ಸಿಗುವುದು ಹೊಳೆಯುದ್ದಕ್ಕೂ ಅಂಕಿಗಳ ಸಾಲು ಮಾತ್ರ. ಆ ಅಂಕಿಗಳನ್ನು ಊರಿನ ಮೇಲೆ ಹಾಸಿ ನಕ್ಷೆಯಾಗಿಸುವುದೇ ನಿಜವಾದ ದುಡಿಮೆ. ನಕ್ಷೆಗಳು ಎರಡು: ಒಂದು ಮಟ್ಟದ್ದು, ಇನ್ನೊಂದು ಆಳದ್ದು. ಎರಡಕ್ಕೂ ಏನು ವ್ಯತ್ಯಾಸವೆಂದು ನಾನು ಕೇಳಿದಾಗ ಅಕ್ಕ ನನ್ನನ್ನು ಕೆರೆಗೆ ಕರೆದುಕೊಂಡು ಹೋದರು.

"ನೀರಿನ ಮೇಲ್ಮೈ ನೋಡಿ. ಇಡೀ ಕೆರೆಗೆ ಒಂದೇ, ಅಲ್ವಾ? ಅದು ಮಟ್ಟ. ಸಮುದ್ರದಿಂದ ಎಷ್ಟು ಮೇಲೆ ಅಂತ ಲೆಕ್ಕ. ಈಗ ನೀವು ಮೊದಲ ಮೆಟ್ಟಿಲಲ್ಲಿ ನಿಂತರೆ ಪಾದ ಒದ್ದೆ. ಐದನೆಯದರಲ್ಲಿ ನಿಂತರೆ ಸೊಂಟ. ನಡುವಿನಲ್ಲಿ ನಿಂತರೆ ನಾನು ನಿಮ್ಮ ಹೆಂಡತಿಗೆ ಉತ್ತರ ಕೊಡಬೇಕಾಗ್ತದೆ. ಅದು ಆಳ. ಮಟ್ಟದಿಂದ ನೆಲವನ್ನು ಕಳೆದರೆ ಆಳ. ಮಟ್ಟ ನಮಗೆ ಬೇಕು, ಎಂಜಿನಿಯರುಗಳಿಗೆ. ಮನೆಯಲ್ಲಿ ನಿಂತವನಿಗೆ ಬೇಕಾದದ್ದು ಆಳ."

ಇಷ್ಟು ಸರಳವಾದ ಮಾತನ್ನು ಒಂದು ಊರು ಅರ್ಥಮಾಡಿಕೊಳ್ಳಲಾರದು, ಒಂದು ಕಚೇರಿ ಅರ್ಥಮಾಡಿಕೊಂಡೂ ಬೇರೊಂದನ್ನು ಮಾಡಬಲ್ಲದು ಎಂದು ಆ ಸಂಜೆ ನನಗೆ ತೋಚಿರಲಿಲ್ಲ.

ನಮ್ಮ ಭಾಗದ ಹೊಳೆಯ ನೆರೆನಕ್ಷೆಯ ಕೆಲಸವನ್ನು ಸರಕಾರಿ ಕಚೇರಿಯೊಂದು ಅವರಿಗೆ ಒಪ್ಪಿಸಿತ್ತು. ಅದನ್ನು ಕನ್ನಡದಲ್ಲಿಯೇ ಮಾಡಬೇಕೆಂಬುದು ಅಕ್ಕನ ಹಟ. ಒಂದು ಭಾನುವಾರ ನಕ್ಷೆಯ ಕರಡನ್ನು ಹಿಡಿದು ಉಪ್ಪರಿಗೆಯಿಂದ ಇಳಿದು ಬಂದರು. ಬಣ್ಣಗಳ ವಿವರಣೆಯಲ್ಲಿ 'ಅಲ್ಪ ಜಲಾವೃತ', 'ಮಧ್ಯಮ ಜಲಾವೃತ', 'ಅತಿ ಜಲಾವೃತ' ಎಂದು ಬರೆದಿತ್ತು. ನಾನು ಕೆಂಪು ಪೆನ್ನಿನಿಂದ ಮೂರನ್ನೂ ಹೊಡೆದು ಹಾಕಿದೆ. ಇಂಥ ಕನ್ನಡ ಯಾರ ಮನೆಗೂ ನೀರು ನುಗ್ಗಿಸಲಾರದು ಎಂದೆ. ನಮ್ಮ ಹಿರಿಯರು ಹಳೆಯ ನೆರೆಯನ್ನು ಹೇಳುವಂತೆ, ಹಿಮ್ಮಡಿ ಮುಳುಗುವಷ್ಟು, ಮೊಣಕಾಲು ಮುಳುಗುವಷ್ಟು, ಸೊಂಟ ಮುಳುಗುವಷ್ಟು, ಎದೆ ಮುಳುಗುವಷ್ಟು, ತಲೆ ಮುಳುಗುವಷ್ಟು ಎಂದು ಬರೆದುಕೊಟ್ಟೆ. ಅಕ್ಕ ಸಂತೋಷದಿಂದ ಮೆಟ್ಟಿಲು ಹತ್ತಿದರು. ಅರ್ಧಕ್ಕೆ ನಿಂತರು. ತಿರುಗಿ ಇಳಿದು ಬಂದರು.

"ಯಾರ ಮೊಣಕಾಲು, ಮಾಷ್ಟ್ರೇ?"

"ಎಂತ?"

"ಮೊಣಕಾಲು ಅಂತ ಬರೆದಿದ್ದೀರಲ್ಲ. ಯಾರದು? ನಿಮ್ಮದಾ? ನಿಮ್ಮದು ನನ್ನ ತೊಡೆಗೆ ಬರ್ತದೆ."

ಮರುದಿನ ಟೇಪು ಹಿಡಿದು ನಮ್ಮ ಶಾಲೆಯ ಒಂದನೆಯ ತರಗತಿಗೆ ಬಂದರು. ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಮೊಣಕಾಲು, ಸೊಂಟ, ಎದೆ, ತಲೆಗಳನ್ನು ಅಳೆಯತೊಡಗಿದಾಗ ಒಬ್ಬ ಪೋರ ಕೇಳಿದ: "ಟೀಚರ್, ಚಡ್ಡಿ ಹೊಲಿಸ್ಲಿಕ್ಕಾ?"

"ಇಲ್ಲ ಮಗಾ, ನೀರಿಗೆ ಅಂಗಿ ಹೊಲಿಸ್ಲಿಕ್ಕೆ."

ತರಗತಿಯ ಎಲ್ಲರಿಗಿಂತ ಚಿಕ್ಕವಳು ರೇಣುಕಾ. ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದು ಹೊಳೆಬದಿಯ ತಗಡಿನ ಶೆಡ್ಡುಗಳಲ್ಲಿ ವಾಸವಾಗಿದ್ದವರ ಮಗಳು. ಅವಳ ಮೊಣಕಾಲು ನೆಲದಿಂದ ಒಂದು ಅಡಿಯೂ ಇರಲಿಲ್ಲ. ಎಲ್ಲ ಮಕ್ಕಳ ಅಳತೆಯ ಸರಾಸರಿ ತೆಗೆಯುವುದು ತಾನೇ ಕ್ರಮ ಎಂದು ನಾನು ಕೇಳಿದೆ. ಅಕ್ಕ ಟೇಪನ್ನು ಸುತ್ತುತ್ತಾ, "ಸರಾಸರಿ ಮಗು ಅಂತ ಯಾವ ತಾಯಿಯೂ ಹೆರುವುದಿಲ್ಲ" ಎಂದರು. ರೇಣುಕಾಳ ಅಳತೆಯೇ ನಕ್ಷೆಯ ಅಳತೆಯಾಯಿತು. ಅವಳ ತಲೆ ಮುಳುಗುವ ಜಾಗಕ್ಕೆ ಎಲ್ಲಕ್ಕಿಂತ ಗಾಢವಾದ ನೀಲಿ.

ಆ ಗಾಢ ನೀಲಿಯ ಒಂದು ತೇಪೆ ನಕ್ಷೆಯಲ್ಲಿ ಹೊಳೆಯಿಂದ ಬೇರ್ಪಟ್ಟು, ರಸ್ತೆಯ ಇತ್ತ ಕಡೆ ಒಂಟಿಯಾಗಿ ಬಿದ್ದಿತ್ತು. ಅದು ರೇಣುಕಾಳ ಮನೆಯವರಿದ್ದ ಶೆಡ್ಡುಗಳ ತಗ್ಗು. ನಡುವೆ ಎತ್ತರಿಸಿದ ರಸ್ತೆ ಇರುವಾಗ ನೀರು ಅಲ್ಲಿಗೆ ಬರುವುದು ಹೇಗೆ? "ಕಂಪ್ಯೂಟರಿಗೆ ಕಳೆಯುವುದು ಮಾತ್ರ ಗೊತ್ತು, ಮಾಷ್ಟ್ರೇ. ನೆಲ ಮಟ್ಟಕ್ಕಿಂತ ಕೆಳಗೆ ಉಂಟಾ, ನೀಲಿ ಬಳಿದುಬಿಡ್ತದೆ. ನೀರು ಯಾವ ದಾರಿಯಲ್ಲಿ ಬಂತು ಅಂತ ಅದು ಕೇಳುವುದಿಲ್ಲ. ಕೇಳಬೇಕಾದವಳು ನಾನು." ಇಂಥ ಒಂಟಿ ತೇಪೆಗಳನ್ನು ಕುಳಿತಲ್ಲಿಯೇ ಅಳಿಸಿಹಾಕುವವರಿದ್ದಾರಂತೆ, ಕುಳಿತಲ್ಲಿಯೇ ಉಳಿಸಿಕೊಳ್ಳುವವರೂ ಇದ್ದಾರಂತೆ. ಅಕ್ಕ ಎರಡನ್ನೂ ಮಾಡುತ್ತಿರಲಿಲ್ಲ. ಪ್ರತಿಯೊಂದು ತೇಪೆಯ ಅಂಚಿಗೂ ನಡೆದು ಹೋಗಿ ರಸ್ತೆಯ ಅಡಿಯಲ್ಲಿ ಮೋರಿ ಉಂಟೋ ಇಲ್ಲವೋ ಎಂದು ಕಣ್ಣಾರೆ ಕಂಡು ಬರುತ್ತಿದ್ದರು. ಮೋರಿಯಿದ್ದರೆ ನೀಲಿ ಉಳಿಯಿತು, ಇಲ್ಲವಾದರೆ ಅಳಿಯಿತು.

ನಾನೂ ಜೊತೆಗೆ ಹೋದೆ. ರಸ್ತೆಯ ಬದಿಯ ಕೆಸುವಿನ ಪೊದೆಗಳನ್ನು ಕೊಡೆಯ ತುದಿಯಿಂದ ಸರಿಸುತ್ತಾ ಸಾಗುತ್ತಿದ್ದೆವು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿದಳು. ರೇಣುಕಾಳ ತಾಯಿ ಯಲ್ಲವ್ವ.

"ಏನ್ ಹುಡಕಾಕತ್ತೀರಿ ಅಕ್ಕಾರ? ಉಂಗುರ ಬಿತ್ತೇನ್ರಿ?"

"ಉಂಗುರ ಅಲ್ಲ, ಮೋರಿ. ಇಲ್ಲಿ ಎಲ್ಲಾದರೂ ಉಂಟಾ?"

"ಮೋರೀನ? ಇಲ್ಲೇ ಐತಲ್ರೀ. ಇದರಾಗ ನಮ್ಮ ಕೋಳಿ ತತ್ತಿ ಇಡ್ತೈತಿ." ಒದ್ದೆಯ ಕೈಯಿಂದ ಪೊದೆ ಸರಿಸಿದಳು. ಹಳೆಯ ಸಿಮೆಂಟಿನ ಕೊಳವೆಯ ಬಾಯಿ ಕಾಣಿಸಿತು.

"ಮಳೆಗಾಲದಲ್ಲಿ ನೀರು ಇದರಲ್ಲಿ ಹೊಳೆಗೆ ಹೋಗ್ತದಾ?"

"ಹೋಗೂದಲ್ರೀ, ಬರ್ತೈತಿ. ಹ್ವಾದ ಮಳಿಗಾಲದಾಗ ಮೀನಾನೂ ಬಂದಿದ್ದವು."

ಅಕ್ಕ ಬಹಳ ಹೊತ್ತು ಆ ಕೊಳವೆಯ ಬಾಯಿಯನ್ನೇ ನೋಡುತ್ತಾ ನಿಂತರು. ಆಮೇಲೆ ಶೆಡ್ಡುಗಳ ಕಡೆ ನೋಡಿದರು. ತೇಪೆ ಉಳಿಯಿತು.

ಆ ತಗ್ಗಿನ ಯಜಮಾನರು ಊರಿನ ಅನುಕೂಲಸ್ಥರು. ಎಲ್ಲರೂ ಅವರನ್ನು ಧಣಿಗಳು ಎನ್ನುತ್ತಿದ್ದರು. ಹಳೆಯ ಬೈಲುಗದ್ದೆಯಲ್ಲಿ ಸದ್ಯಕ್ಕೆ ಶೆಡ್ಡು ಕಟ್ಟಿಸಿ ಕೂಲಿಯವರಿಗೆ ಬಾಡಿಗೆಗೆ ಕೊಟ್ಟಿದ್ದರು. ಮುಂದೆ ಅದನ್ನೇ ಸೈಟುಗಳಾಗಿ ವಿಂಗಡಿಸಿ ಮಾರುವ ಉದ್ದೇಶ ಅವರಿಗಿತ್ತು. ಆಳದ ನಕ್ಷೆ ಪಂಚಾಯತಿಯ ಗೋಡೆಗೆ ಏರಿದರೆ ಅಲ್ಲಿ ಸೈಟು ಕೊಳ್ಳುವವರು ಯಾರು? ಅಕ್ಕನಿಗೆ ಬೇಕಾದದ್ದು ಬೇರೆ. ಮಳೆಗಾಲ ಹಿಡಿಯುವ ಮೊದಲು ಶೆಡ್ಡಿನವರಿಗೆ ಎತ್ತರದಲ್ಲಿ ಎಲ್ಲಿಯಾದರೂ ಜಾಗ ಕೊಡಬೇಕು, ಅಷ್ಟೇ. ನಕ್ಷೆ ಗೋಡೆಯ ಮೇಲಿದ್ದರೆ ಕೊಡದೆ ವಿಧಿಯಿಲ್ಲ ಎಂದು ಅವರು ನಂಬಿದ್ದರು.

ನಕ್ಷೆಯ ಕನ್ನಡಕ್ಕೆ ಸಹಾಯ ಮಾಡಿದವನೆಂದು ಕಚೇರಿಯ ಸಭೆಗೆ ನನ್ನನ್ನೂ ಕರೆದಿದ್ದರು. ಅಧಿಕಾರಿಗಳು ನಯವಾಗಿ ಆರಂಭಿಸಿದರು: "ಮೇಡಂ, ರಸ್ತೆಯ ಡ್ರಾಯಿಂಗಿನಲ್ಲಿ ಅಲ್ಲಿ ಮೋರಿಯೇ ಇಲ್ಲ."

"ಡ್ರಾಯಿಂಗಿನಲ್ಲಿ ಇಲ್ಲ. ರಸ್ತೆಯ ಅಡಿಯಲ್ಲಿ ಉಂಟು. ಕೋಳಿ ಮೊಟ್ಟೆ ಇಡ್ತದೆ ಅದರಲ್ಲಿ."

ಸಭೆ ನಕ್ಕಿತು. ಧಣಿಗಳು ಆ ನಗುವನ್ನು ಆರಲು ಬಿಡಲಿಲ್ಲ. "ಎಂತ ಮೇಡಂ, ನನ್ನ ಜಾಗಕ್ಕೆ ಒಂದು ಸಿರಿಂಜು ಪೂರ್ತಿ ಖಾಲಿ ಮಾಡಿದ್ದೀರಲ್ಲ ಮಾರಾಯ್ರೆ. ಸ್ವಲ್ಪ ಕೈ ಬಿಗಿ ಹಿಡಿಯಬಹುದಿತ್ತು."

"ಶಾಯಿ ನನ್ನದು ಧಣಿಗಳೇ, ತಗ್ಗು ನಿಮ್ಮದು."

ಈ ಬಾರಿ ಯಾರೂ ನಗಲಿಲ್ಲ. ಕೊನೆಗೆ ಅಧಿಕಾರಿಗಳು ಒಂದು ಮಧ್ಯಮ ಮಾರ್ಗವನ್ನು ಕಂಡುಹಿಡಿದರು. ಆಳದ ನಕ್ಷೆ ಪರಿಶೀಲನೆಯಲ್ಲಿರಲಿ. ಸದ್ಯಕ್ಕೆ ಮಟ್ಟದ ನಕ್ಷೆಯೊಂದನ್ನೇ ಪ್ರಕಟಿಸೋಣ. ಅದು ಹೇಗೂ ವೈಜ್ಞಾನಿಕವಾದದ್ದು, ನೋಡಲೂ ಒಂದೇ ತೆಳುನೀಲಿ, ಯಾರ ಮನಸ್ಸಿಗೂ ನೋವಾಗದು.

"ಮಟ್ಟ ಮಾತ್ರ ಕೊಟ್ಟರೆ ಜನ ಅದನ್ನೇ ಆಳ ಅಂತ ಓದ್ತಾರೆ" ಎಂದರು ಅಕ್ಕ.

"ಸಮುದ್ರಮಟ್ಟದಿಂದ ಅಂತ ಕೆಳಗೆ ಬರೆದರಾಯಿತಲ್ಲ, ಮೇಡಂ. ಮಾಷ್ಟ್ರು ಇದ್ದಾರೆ, ಚೆಂದ ಮಾಡಿ ಬರೆದುಕೊಡ್ತಾರೆ."

ಬರೆದುಕೊಟ್ಟೆ. ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಅದನ್ನು ಅಚ್ಚು ಹಾಕಿದರು.

ಅಕ್ಕ ಹೇಳಿದಂತೆಯೇ ಆಯಿತು. ಹೊಳೆಯ ನೀರು ಆ ಭಾಗದಲ್ಲಿ ಸಮುದ್ರಕ್ಕಿಂತ ಮೂರು ಮೀಟರು ಚಿಲ್ಲರೆ ಮೇಲಕ್ಕೆ ಏರುವುದೆಂಬುದು ಲೆಕ್ಕ. ಮಟ್ಟದ ನಕ್ಷೆಯಲ್ಲಿ ಶಾಲೆಯ ಮೇಲೆಯೂ ಮೂರು, ನಮ್ಮ ಮನೆಯ ಮೇಲೆಯೂ ಮೂರು, ಶೆಡ್ಡುಗಳ ಮೇಲೆಯೂ ಮೂರು. ಶಾಲೆಯ ನೆಲವೇ ಅಷ್ಟು ಎತ್ತರದಲ್ಲಿರುವುದರಿಂದ ಅಲ್ಲಿ ಪಾದ ಮಾತ್ರ ತೋಯುತ್ತದೆ. ಶೆಡ್ಡಿನಲ್ಲಿ ತಲೆ ಮುಳುಗುತ್ತದೆ. ಆದರೆ ಪಂಚಾಯತಿಯ ಗೋಡೆಯ ಮುಂದೆ ನಿಂತವರಿಗೆ ಕಂಡದ್ದು ಮೂರು ಎಂಬ ಅಂಕಿ ಮಾತ್ರ.

"ಓಯ್, ಶಾಲೆಯ ಹತ್ತಿರ ಮೂರು ಮೀಟರು ನೀರಂತೆ!" ಎಂದ ರಿಕ್ಷಾ ಓಡಿಸುವವನೊಬ್ಬ. "ಇನ್ನು ರಿಕ್ಷಾ ಮಾರಿ ದೋಣಿ ತೆಗೆಯುವುದೇ."

"ನನ್ನ ಅಜ್ಜನ ಕಾಲದ ದೊಡ್ಡ ನೆರೆಗೂ ಶಾಲೆಯ ಮೆಟ್ಟಿಲು ದಾಟಿದ್ದಿಲ್ಲ" ಎಂದರು ಇನ್ನೊಬ್ಬರು. "ಕಂಪ್ಯೂಟರಿಗೆ ಹುಚ್ಚು."

"ಕಂಪ್ಯೂಟರಿಗಲ್ಲ ಮಾರಾಯ, ಅದನ್ನು ಒತ್ತುವವರಿಗೆ."

ನಾನು ಕೆರೆಯ ಮೆಟ್ಟಿಲಿನ ಉದಾಹರಣೆಯನ್ನು ಹೇಳಲು ಮುಂದಾದೆ. "ಮಾಷ್ಟ್ರು ಪಾಠ ಶುರು ಮಾಡಿದರು, ಬೆಲ್ ಹೊಡೆಯಿರಿ" ಎಂದು ಯಾರೋ ಕೂಗಿದರು. ಗುಂಪು ಚದುರಿತು. ಒಂದು ಅಂಕಿಯನ್ನು ಸುಳ್ಳೆಂದು ನಗಾಡಿದ ಮೇಲೆ ಉಳಿದದ್ದನ್ನು ಯಾರು ನಂಬುತ್ತಾರೆ? ಧಣಿಗಳು ಶೆಡ್ಡಿನವರಿಗೂ ಅದನ್ನೇ ಹೇಳಿದರು: ಗುಡ್ಡದ ಮೇಲೂ ಮೂರು ಮೀಟರು ಎನ್ನುವ ನಕ್ಷೆಗೆ ಹೆದರಬೇಡಿ.

ಅಕ್ಕ ಸಿಟ್ಟಾದದ್ದನ್ನು ನಾನು ನೋಡಲಿಲ್ಲ. ಉಡುಪಿಯಿಂದ ನೀಲಿ ಬಣ್ಣದ ಡಬ್ಬಿಯೊಂದನ್ನು ತಂದರು, ಅಷ್ಟೇ. ಬಿಡುವಿದ್ದಾಗಲೆಲ್ಲ ಊರಿನ ವಿದ್ಯುತ್ ಕಂಬಗಳ ಮೇಲೆ, ಒಪ್ಪಿಗೆ ಕೊಟ್ಟವರ ಗೋಡೆಗಳ ಮೇಲೆ, ನೀರು ಬರಬಹುದಾದ ಎತ್ತರಕ್ಕೆ ಒಂದೊಂದು ಗೆರೆ ಎಳೆಯುತ್ತಾ ಹೋದರು. ಕಾಗದದ ನಕ್ಷೆಯನ್ನು ತಡೆದವರು ಗೋಡೆಯ ನಕ್ಷೆಯನ್ನು ತಡೆಯಲಾರರೆಂದು ಅವರ ಎಣಿಕೆ. ನಮ್ಮ ಜಗಲಿಯ ಕಂಬಕ್ಕೂ ಗೆರೆ ಬಿತ್ತು, ಕೆಳಗೆ, ಅಂಗಳದ ಕಲ್ಲಿಗೆ ತಾಗಿದಂತೆ. "ನಿಮಗೆ ಹಿಮ್ಮಡಿಯಷ್ಟೇ, ಮಾಷ್ಟ್ರೇ. ಪಾರಾದಿರಿ." ಊರಿನವರು ಗೆರೆಗಳನ್ನು ಒಂದೊಂದಾಗಿ ಒರೆಸಿದರು. ಒಬ್ಬರ ಮನೆಗೆ ಹೆಣ್ಣು ನೋಡಲು ಬರುವವರಿದ್ದರು. ಇನ್ನೊಬ್ಬರು ಮನೆ ಮಾರುವವರಿದ್ದರು. ಅಕ್ಕ ಬಸ್ಸಿನಿಂದ ಇಳಿದರೆ ಹುಡುಗರು "ಮೂರು ಮೀಟರು ಬಂತು" ಎನ್ನುತ್ತಿದ್ದರು. ಕೇಳಿಸಿದರೂ ಕೇಳಿಸದಂತೆ ನಡೆದು ಬರುತ್ತಿದ್ದರು. ಚೀಲದಿಂದ ಬ್ರಷ್ಷಿನ ಹಿಡಿ ಇಣುಕುತ್ತಿತ್ತು.

ಶೆಡ್ಡಿನ ತಗಡಿನ ಮೇಲೆ ಗೆರೆ ಎಳೆದ ದಿನ ನಾನು ಬಣ್ಣದ ಡಬ್ಬಿ ಹಿಡಿದುಕೊಂಡಿದ್ದೆ. ಯಲ್ಲವ್ವ ಗೆರೆಯ ಪಕ್ಕದಲ್ಲಿ ಬಂದು ನಿಂತು ನೋಡಿದಳು.

"ನನ್ನ ಗದ್ದಕ್ಕ ಬರ್ತೈತೇನ್ರೀ ಅಕ್ಕಾರ?"

"ನಿನಗೆ ಗದ್ದ. ಇವಳಿಗೆ?"

ಯಲ್ಲವ್ವ ಮಗಳನ್ನು ನೋಡಿದಳು. ಗೆರೆ ರೇಣುಕಾಳ ತಲೆಗಿಂತ ಎಷ್ಟೋ ಮೇಲಿತ್ತು. "ಧಣೇರು ಎಲ್ಲಾ ಸುಳ್ಳ ಅಂದ್ರಲ್ರೀ."

"ಸುಳ್ಳಾದರೆ ನನಗೆ ಸಂತೋಷ. ನೀನು ಒಂದು ಕೆಲಸ ಮಾಡು. ಜೋರು ಮಳೆ ಬಂದಾಗ ನಿನ್ನ ಕೋಳಿಯ ಮೋರಿ ಉಂಟಲ್ಲ, ಅದರ ಬಾಯಿ ನೋಡ್ತಾ ಇರು. ಬಾಯಿ ಮುಳುಗಿತು ಅಂತ ಕಂಡ ಕೂಡಲೇ ಪಾತ್ರೆ ಎತ್ತುವುದಲ್ಲ, ಮಗುವನ್ನು ಎತ್ತುವುದು. ಶಾಲೆಗೆ ಓಡಿ ಬರುವುದು. ಎಲ್ಲರಿಗೂ ಹೇಳು."

ಆ ವರ್ಷದ ಮಳೆಗಾಲದ ನಡುವೆ ಒಂದು ಬೆಳಿಗ್ಗೆ, ಶಾಲೆಯ ಪ್ರಾರ್ಥನೆ ಮುಗಿಯುವ ಹೊತ್ತಿಗೆ, ಶೆಡ್ಡಿನವರೆಲ್ಲ ಮಕ್ಕಳನ್ನು ಹೆಗಲಿನ ಮೇಲೆ ಕೂರಿಸಿಕೊಂಡು ನಮ್ಮ ಶಾಲೆಯ ಅಂಗಳಕ್ಕೆ ಬಂದರು. ಎಲ್ಲರ ಮುಂದೆ ಯಲ್ಲವ್ವ, ಅವಳ ಕಂಕುಳಲ್ಲಿ ರೇಣುಕಾ. ಯಾರ ಕೈಯಲ್ಲಿಯೂ ಪಾತ್ರೆಯಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಗ್ಗಿನಲ್ಲಿ ತಗಡಿನ ಗೋಡೆಗಳ ಮೇಲಂಚು, ಮಾಡುಗಳು ಮಾತ್ರ ಕಾಣುತ್ತಿದ್ದವು. ನೀರು ಶಾಲೆಯ ಮೊದಲ ಮೆಟ್ಟಿಲನ್ನು ತೋಯಿಸಿ ನಿಂತಿತು. ಅಕ್ಕನ ನಕ್ಷೆಯಲ್ಲಿ ಇದ್ದಂತೆಯೇ, ಕಚೇರಿ ಮುಚ್ಚಿಟ್ಟಿದ್ದ ನಕ್ಷೆಯಲ್ಲಿ ಇದ್ದಂತೆಯೇ.

ಒಂದು ಜೀವವೂ ಹೋಗಲಿಲ್ಲ. ನೀರು ಇಳಿದ ಮೇಲೆ ಅಧಿಕಾರಿಗಳೇ ನಮ್ಮ ಮನೆಗೆ ಬಂದು ಉಪ್ಪರಿಗೆ ಹತ್ತಿದರು. ಆಳದ ನಕ್ಷೆಯ ಶುದ್ಧ ಪ್ರತಿಯೊಂದು ಕೂಡಲೇ ಬೇಕೆಂದರು. ಇನ್ನು ಅದನ್ನು ಅಧಿಕೃತವಾಗಿ ಸ್ವೀಕರಿಸುತ್ತೇವೆ ಎಂದರು. ಅಕ್ಕ ಮರುದಿನವೇ ಮುದ್ರಿಸಿ ಕೊಟ್ಟರು. ಆ ಸಂಜೆ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಬೆಲ್ಲದ ಕಾಫಿ ಕುಡಿಯುತ್ತಾ, "ಈಗ ಅವರಿಗೆ ಎತ್ತರದಲ್ಲಿ ಜಾಗ ಸಿಗ್ತದೆ, ನೋಡಿ" ಎಂದು ನನ್ನ ಹೆಂಡತಿಗೆ ಹೇಳಿದರು. ಅವರು ಅಷ್ಟು ಮುಕ್ತವಾಗಿ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಶೆಡ್ಡಿನವರು ಕೆಸರು ಬಳಿದು ಹಾಕಿ ಮತ್ತೆ ತಗಡು ಕಟ್ಟಿಕೊಳ್ಳುತ್ತಿದ್ದಾಗ ನೋಟಿಸು ಬಂತು. ಯಲ್ಲವ್ವ ಅದನ್ನು ಓದಿಸಲು ನನ್ನ ಬಳಿಗೆ ತಂದಳು. 'ಸದರಿ ಸ್ಥಳವು ಅಧಿಕೃತ ನಕ್ಷೆಯ ಪ್ರಕಾರ ಒಂದನೆಯ ತರಗತಿಯ ಮಗುವಿನ ತಲೆ ಮುಳುಗುವಷ್ಟು ನೀರು ನಿಲ್ಲುವ ಪ್ರದೇಶವಾಗಿರುವುದರಿಂದ ವಾಸಯೋಗ್ಯವಲ್ಲ. ಆದುದರಿಂದ ನಿವಾಸಿಗಳು ತಕ್ಷಣ ತೆರವುಗೊಳಿಸತಕ್ಕದ್ದು.' ತಲೆ ಮುಳುಗುವಷ್ಟು ಎಂಬುದು ನನ್ನ ಮಾತು. ಕೆಂಪು ಪೆನ್ನಿನಿಂದ ನಾನು ತಿದ್ದಿ ಕೊಟ್ಟ ಕನ್ನಡ, ಒಂದು ಅಕ್ಷರವೂ ತಪ್ಪಿಲ್ಲದೆ ಅಲ್ಲಿ ಕುಳಿತಿತ್ತು. ಎತ್ತರದ ಜಾಗದ ಬಗ್ಗೆ ನೋಟಿಸಿನಲ್ಲಿ ಒಂದು ಪದವೂ ಇರಲಿಲ್ಲ.

ಅಕ್ಕ ಕಾಲೇಜಿಗೆ ರಜೆ ಹಾಕಿ ಕಚೇರಿಗೆ ಹೋದರು. "ನಿಮ್ಮದೇ ನಕ್ಷೆ ಅಲ್ವಾ ಮೇಡಂ" ಎಂದರಂತೆ. "ಅಲ್ಲಿ ಅಪಾಯ ಉಂಟು ಅಂತ ಹೇಳಿದವರು ನೀವೇ. ನಾವು ಒಪ್ಪಿಕೊಂಡೆವು." ಮತ್ತೆ ಹೋದರು. ಒಳಗೆ ಬಿಡಲಿಲ್ಲ. ಮೊದಲು ಅದೇ ನಕ್ಷೆಯನ್ನು ನಂಬದೆ ಶೆಡ್ಡಿನವರನ್ನು ಅಲ್ಲಿಯೇ ಇರಿಸಿದರು, ಈಗ ಅದೇ ನಕ್ಷೆಯನ್ನು ನಂಬಿ ಅವರನ್ನು ಎಬ್ಬಿಸಿದರು. ಎರಡು ಸಲವೂ ಗೆದ್ದವರು ಒಬ್ಬರೇ.

ಲಾರಿಗೆ ತಗಡು, ಗಂಟುಮೂಟೆ ಏರಿಸುವಾಗ ಅಕ್ಕ ರಸ್ತೆಬದಿಯಲ್ಲಿ ನಿಂತಿದ್ದರು. ಯಲ್ಲವ್ವ ಅವರ ಬಳಿಗೆ ಬಂದಳು. ಅವಳ ದನಿಯಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದರೇನೋ.

"ನಿಮ್ಮ ನಕ್ಷಾ ಖರೇ ಆತು ನೋಡ್ರೀ ಅಕ್ಕಾರ. ಅದ ನಮ್ಮ ಮಕ್ಕಳನ್ನ ಉಳಿಸ್ತು. ಅದ ನಮ್ಮನ್ನ ಎಬ್ಬಿಸ್ತು."

"ಎಲ್ಲಿಗೆ ಹೋಗ್ತೀರಿ?"

"ಹೂಡೆ ಕಡೆ ಕೆಲಸ ಐತಂತ. ಅಲ್ಲೂ ಹೊಳಿ ಐತಂತ್ರೀ." ನಕ್ಕಳು. "ಅಲ್ಲೀದೂ ಒಂದು ನಕ್ಷಾ ಮಾಡಿಟ್ಟೀರೇನು?"

ಲಾರಿಯ ಹಿಂಬದಿಯಲ್ಲಿ ಕುಳಿತಿದ್ದ ರೇಣುಕಾ ಕೈ ಬೀಸಿದಳು. ಅಕ್ಕನ ನೀಲಿ ಬೆರಳುಗಳು ಅರ್ಧಕ್ಕೆ ಎದ್ದು ನಿಂತವು.

ಮುಂದಿನ ಬೇಸಿಗೆಯಲ್ಲಿ ಧಣಿಗಳ ಟಿಪ್ಪರುಗಳು ಬಂದು ತಗ್ಗಿಗೆ ಕೆಂಪು ಮಣ್ಣು ಸುರಿದವು. ಮೋರಿಯ ಬಾಯಿ ಮುಚ್ಚಿತು. ಅಕ್ಕ ಯಾರೂ ಕೇಳದಿದ್ದರೂ ಆ ಮಣ್ಣಿನ ಎತ್ತರವನ್ನು ಅಳೆದು, ಅದನ್ನು ಲೆಕ್ಕಕ್ಕೆ ಸೇರಿಸಿ, ನೆರೆಯನ್ನು ಮತ್ತೊಮ್ಮೆ ಹರಿಸಿದರು. ತಗ್ಗಿನ ಹೊಟ್ಟೆಯಲ್ಲಿ ನಿಲ್ಲುತ್ತಿದ್ದ ನೀರಿಗೆ ಈಗ ಜಾಗವಿಲ್ಲ. ಅದು ಪಕ್ಕಕ್ಕೆ ತಿರುಗಿ ನಮ್ಮ ಮನೆಗಳ ಸಾಲಿಗೆ ಬರುತ್ತದೆಂದು ಹೊಸ ನಕ್ಷೆ ಹೇಳಿತು. ಅದನ್ನು ಕಚೇರಿಗೆ ಕೊಟ್ಟಾಗ ನಾನು ಜೊತೆಗಿದ್ದೆ.

"ಈಗ ಆ ಜಾಗದಲ್ಲಿ ಆಳ ಸೊನ್ನೆ ಅಲ್ವಾ ಮೇಡಂ? ಸಂತೋಷಪಡಿ."

"ಅಲ್ಲಿದ್ದ ನೀರು ಎಲ್ಲಿಗೆ ಹೋಯಿತು ಅಂತ ನೀವು ಕೇಳಬೇಕು."

ಅವರು ಕೇಳಲಿಲ್ಲ. ಆ ನಕ್ಷೆಯನ್ನು ಸುತ್ತಿ ಬೀರುವಿನ ಮೇಲೆ ಇಟ್ಟರು. ಮನೆಗೆ ಬಂದ ಅಕ್ಕ ಬಣ್ಣದ ಡಬ್ಬಿ ಹುಡುಕಿ ನಮ್ಮ ಜಗಲಿಯ ಕಂಬಕ್ಕೆ ಇನ್ನೊಂದು ಗೆರೆ ಎಳೆದರು. ಹಳೆಯದಕ್ಕಿಂತ ಬಹಳ ಮೇಲೆ, ಹೊಸ್ತಿಲನ್ನೂ ದಾಟಿ. ನನ್ನ ಹೆಂಡತಿಯ ಮುಖ ನೋಡಿ, "ಕ್ಷಮಿಸಿ, ಇದು ನಾನು ಹಾಕಿದ ನೀರಲ್ಲ" ಎಂದರು.

ಆ ಬಳಿಕ ಯಾವ ಕಚೇರಿಯೂ ಅವರಿಗೆ ನಕ್ಷೆಯ ಕೆಲಸ ಕೊಡಲಿಲ್ಲ. ಅವರೂ ಕೇಳಲಿಲ್ಲ. ಪಾಠ ಹೇಳಿ ಬರುವುದು, ಜಗಲಿಯಲ್ಲಿ ಕುಳಿತು ಹೊಳೆಯ ಕಡೆ ನೋಡುವುದು. ಹೂಡೆಯ ಕಡೆಗೆ ಎರಡು ಮೂರು ಬಾರಿ ಹೋಗಿ ಬಂದರೆ ಯಲ್ಲವ್ವನ ಗುಂಪು ಅಲ್ಲಿಂದಲೂ ಹೊರಟುಹೋಗಿತ್ತು. ಎಲ್ಲಿಗೆಂದು ಹೇಳುವವರಿರಲಿಲ್ಲ. ಎರಡು ಸಾವಿರದ ದಶಕದ ನಡುವಿನಲ್ಲಿ ಹೊಟ್ಟೆಯ ಕಾಯಿಲೆ ಪತ್ತೆಯಾಯಿತು. ಉಪ್ಪರಿಗೆ ಬಿಟ್ಟು ಕಾರ್ಕಳದಲ್ಲಿ ತಮ್ಮನ ಮನೆ ಸೇರಿದರು.

ಕೊನೆಯ ಸಲ ನಾವು ಹೋದಾಗ ಅವರ ಕೈ ಹೊದಿಕೆಯ ಮೇಲಿತ್ತು. ಬೆರಳುಗಳ ತುದಿ ಬಿಳಿಚಿಕೊಂಡಿತ್ತು. ಅಷ್ಟು ವರ್ಷ ಯಾವ ಸಾಬೂನಿಗೂ ಬಗ್ಗದ ನೀಲಿಯನ್ನು ಕಾಯಿಲೆ ತೊಳೆದುಹಾಕಿತ್ತು.

"ಕಂಬದ ಗೆರೆ ಉಂಟಾ ಮಾಷ್ಟ್ರೇ? ಸುಣ್ಣ ಹೊಡೆದಿರಾ?"

"ಉಂಟು ಅಕ್ಕ. ಹೊಡೆದಿಲ್ಲ."

"ಇರಲಿ. ನಾನು ಹೇಳಿದ್ದು ತಪ್ಪು ಅಂತ ಕಂಡರೆ ಅಳಿಸಿ." ಹೊದಿಕೆಯೊಳಗೆ ಕೈ ಎಳೆದುಕೊಂಡು, "ತಪ್ಪಾಗಲಿ" ಎಂದರು.

ಆ ವರ್ಷದ ಮಳೆಗಾಲವನ್ನು ಅವರು ಕಾಣಲಿಲ್ಲ. ಉಡುಪಿಯಲ್ಲಿ ನಡೆದ ಸಂತಾಪಸಭೆಯಲ್ಲಿ ಆ ಅಧಿಕಾರಿಗಳೇ ಮಾತನಾಡಿ, ಅಗಲಿದವರ ನಕ್ಷೆಯಿಂದ ಅನೇಕ ಬಡಕುಟುಂಬಗಳನ್ನು ಅಪಾಯದ ಸ್ಥಳದಿಂದ ತೆರವುಗೊಳಿಸಲು ಸಾಧ್ಯವಾಯಿತೆಂದು ಕೊಂಡಾಡಿದರು. ನಾನು ಎದ್ದು ಹೊರಗೆ ಬಂದೆ. ವಾಕ್ಯದಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ.

ಹದಿನೈದು ವರ್ಷಗಳು ಕಳೆದ ಮೇಲೆ ಅಕ್ಕ ಹೇಳಿದ್ದ ಆ ನೆರೆಯೂ ಬಂತು. ಮಣ್ಣು ತುಂಬಿದ ಬಡಾವಣೆಯ ಹೊಸ ಮನೆಗಳು ಒಣಗಿಯೇ ಇದ್ದವು. ನೀರು ಪಕ್ಕಕ್ಕೆ ತಿರುಗಿ ನಮ್ಮ ಹೊಸ್ತಿಲು ದಾಟಿ, ಜಗಲಿಯ ಕಂಬದಲ್ಲಿ ಮೇಲಿನ ಗೆರೆಗೆ ಬಂದು ನಿಂತಿತು. ಅದರ ಮೇಲೆ ಏರಲಿಲ್ಲ, ಅದಕ್ಕಿಂತ ಕೆಳಗೂ ಉಳಿಯಲಿಲ್ಲ. ಗೆರೆಯನ್ನು ನಂಬಿ ನನ್ನ ಹೆಂಡತಿ ಅಕ್ಕಿ, ಪುಸ್ತಕ, ಹಾಸಿಗೆಗಳನ್ನೆಲ್ಲ ಮೊದಲೇ ಉಪ್ಪರಿಗೆಗೆ ಏರಿಸಿದ್ದಳು. ಅಕ್ಕನ ಕೋಣೆಯಲ್ಲಿ ಅವು ಒಣಗಿಯೇ ಇದ್ದವು. ಅಕ್ಕನೊಂದಿಗಿನ ನಮ್ಮ ಋಣ ಅಲ್ಲಿಗೆ ಮುಗಿಯಬಹುದಿತ್ತು.

ಹಾನಿಯ ಲೆಕ್ಕಕ್ಕೆ ಬಂದ ತರುಣ ಅಧಿಕಾರಿ ಪಕ್ಕದ ಮನೆಯವರನ್ನು ಕೇಳಿದ: "ನೀರು ಎಷ್ಟು ಬಂದಿತ್ತು?"

"ಮೊಣಕಾಲಿನವರೆಗೆ" ಎಂದರು ಅವರು. ಅವನು ಬರೆದುಕೊಂಡು ನನ್ನ ಕಡೆ ತಿರುಗಿದ.

"ಯಾರ ಮೊಣಕಾಲು?" ಎಂದು ಕೇಳಿದೆ.

ಅವನು ಪೆನ್ನು ಎತ್ತಿ ನನ್ನನ್ನು ನೋಡಿದ. ಮುದುಕನಿಗೆ ನೆರೆಯಲ್ಲಿ ತಲೆ ಕೆಟ್ಟಿದೆಯೆಂದು ತಿಳಿದಿರಬೇಕು. ನಕ್ಕು, ಮುಂದಿನ ಮನೆಗೆ ಹೋದ. ರೇಣುಕಾ ಆ ಹೊತ್ತಿಗೆ ಬೆಳೆದಿರುತ್ತಾಳೆ. ಅವಳ ಮೊಣಕಾಲು ನನ್ನದರಷ್ಟೇ ಎತ್ತರಕ್ಕೆ ಬಂದಿರುತ್ತದೆ. ಯಾವುದೋ ಊರಿನ ಯಾವುದೋ ತಗ್ಗಿನಲ್ಲಿ ಅವಳ ಮಗುವೊಂದು ಒಂದನೆಯ ತರಗತಿಗೆ ಹೋಗುತ್ತಿರಬಹುದು. ಆ ತಗ್ಗಿನ ಆಳವನ್ನು ಯಾರಾದರೂ ಅಳೆದಿದ್ದಾರೆಯೇ, ಅಳೆದಿದ್ದರೆ ಅದು ಯಾವ ಬೀರುವಿನ ಮೇಲಿದೆ, ನನಗೆ ಗೊತ್ತಿಲ್ಲ.